ಕುದಿಸುವ ಮೊದಲು ತೊಳೆದಿರಾ?



ನಮ್ಮ ವಾರ್ತಾಪತ್ರದಲ್ಲಿ ಚಂದ್ರಯಾನದ ಬಗ್ಗೆ ಓದಿದ್ದೇವೆ, ಗ್ರಹಣದ ಬಗ್ಗೆ ಓದಿದ್ದೇವೆ. ಈ ಸಲ ನಾನು ಎಳೆಕೂಸಿನ ಬಾಯಲ್ಲಿರುವ ರಬ್ಬರ್ ನಿಪ್ಪಲ್ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ಹಾಲಿನ ಬಾಟ್ಲಿಗೆ ಹಾಕುವ ನಿಪ್ಪಲ್ ಒಂದು, ಹಾಲಿಲ್ಲದೆ ಬರೀ ಚೀಪೋಕೆ ಅಂತ ಕೊಡುವ ನಿಪ್ಪಲ್ ಇನ್ನೊಂದು. ಪೇಟೆಯವರು ಎರಡನೆಯದನ್ನು ಪ್ಯಾಸಿಫೈಯರ್ ಅಂತಾರೆ. ಸಂತೆಯಲ್ಲಿ ಬಳೆ, ಪಿನ್ನಿನ ಪಕ್ಕದಲ್ಲೇ ನೇತಾಡುತ್ತಿರುತ್ತದೆ, ನೀವೂ ನೋಡಿರುತ್ತೀರಿ. ಈ ಎರಡನ್ನೂ ನಮ್ಮ ಹಳ್ಳಿಗಳಲ್ಲಿ ತೊಳೆಯುವವರು ಯಾರು ಗೊತ್ತೇ? ಬಹಳ ಮನೆಗಳಲ್ಲಿ ತಾಯಿಯಲ್ಲ, ಅಜ್ಜಿಯಲ್ಲ. ನಮ್ಮ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂರುವ ಹುಡುಗಿ.

ನನಗೆ ಇದು ಗೊತ್ತಾಗಿದ್ದು ತಡವಾಗಿ. ಏಳನೇ ತರಗತಿಯ ಹುಡುಗಿಯೊಬ್ಬಳು ಎಂಟು ದಿನ ಶಾಲೆಗೆ ಬರಲಿಲ್ಲ. ಒಂಬತ್ತನೇ ದಿನ ಬಂದಳು, ಕೇಳಿದೆ. "ತಮ್ಮಗೆ ಬೇಧಿ ಆಗಿತ್ತು ಸಾರ್, ಆಸ್ಪತ್ರೆಯಾಗೆ ಇದ್ವಿ" ಅಂದಳು. ತಮ್ಮನಿಗೆ ಏಳು ತಿಂಗಳು. ಅವ್ವ ಜೀನ್ಸ್ ಹೊಲಿಯುತ್ತಾಳೆ. ರಾಯದುರ್ಗದ ಜೀನ್ಸ್ ಪ್ಯಾಂಟಿನ ಕೆಲಸ ಸುತ್ತಲಿನ ಎಷ್ಟು ಮನೆಗಳ ಅನ್ನ ಅಂತ ನಿಮಗೆ ಹೇಳಬೇಕಾಗಿಲ್ಲ. ಪೀಸಿನ ಲೆಕ್ಕದ ಕೂಲಿ. ಮಿಷನ್ ಮೇಲಿಂದ ಎದ್ದರೆ ದುಡ್ಡು ಹೋಗುತ್ತದೆ. ಹಾಗಾಗಿ ಕೂಸಿನ ಬಾಟ್ಲಿ, ನಿಪ್ಪಲ್, ಜೋಳಿಗೆ ತೂಗೋದು ಎಲ್ಲ ಈ ಹುಡುಗಿಯದೇ.

"ನಿಪ್ಪಲ್ ಸರಿಯಾಗಿ ತೊಳೀತಿದ್ದೇನಮ್ಮಾ?" ಅಂತ ಕೇಳಿದೆ. ಅವಳ ಮುಖ ಸಣ್ಣಗಾಯಿತು. "ದಿನಾ ಕುದಿಸ್ತೀನಿ ಸಾರ್. ನೀವೇ ಹೇಳಿದ್ರಲ್ಲಾ, ಕುದಿಸಿದ್ರೆ ಕ್ರಿಮಿ ಸಾಯ್ತಾವೆ ಅಂತ."

ಹೌದು, ನಾನೇ ಹೇಳಿದ್ದೆ. ವರ್ಷಾವರ್ಷ ಹೇಳುತ್ತೇನೆ. ಬೋರ್ಡಿನ ಮೇಲೆ ಬರೆಸುತ್ತೇನೆ, ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಕೇಳುತ್ತೇನೆ.

ಅವತ್ತು ಸಂಜೆ ಅವರ ಮನೆ ಕಡೆ ಹೋದೆ. ಅವಳು ಕುದಿಸುವ ಪದ್ಧತಿ ತೋರಿಸಿದಳು. ಒಂದು ಅಲ್ಯುಮಿನಿಯಂ ಡಬರಿ, ಒಳಗೆ ಸುತ್ತಲೂ ಬೆಳ್ಳಗೆ ಕಟ್ಟಿದ ಉಪ್ಪಿನ ಪದರ. ಕೂಸು ಕುಡಿದು ಬಿಟ್ಟ ಬಾಟ್ಲಿಯಿಂದ ನಿಪ್ಪಲ್ ಬಿಚ್ಚಿ ಸೀದಾ ಆ ನೀರಿಗೆ. ನೀರಿಗೆ ಗುಳ್ಳೆ ಬಂದ ತಕ್ಷಣ ಇಳಿಸಿ, ಬೆರಳಿನಿಂದ ಎತ್ತಿ, ಅಡುಗೆಮನೆಯ ಮಸಿಬಟ್ಟೆಯ ಮೇಲೆ ಬೋರಲು ಹಾಕಿದಳು. ಚೀಪೋ ನಿಪ್ಪಲ್‌ಗೆ ಉಡಿದಾರ ಕಟ್ಟಿ ಕೂಸಿನ ಕೊರಳಿಗೆ ಹಾಕಿದ್ದರು. ನಾನು ಬಾಟ್ಲಿಯ ನಿಪ್ಪಲ್ ತಿರುವಿ ಒಳಮೈ ನೋಡಿದೆ. ತಳದ ಸುತ್ತು ಇರುತ್ತದಲ್ಲ, ಬಾಟ್ಲಿಯ ಬಾಯಿಗೆ ಕೂರುವ ಜಾಗ, ಅಲ್ಲಿ ಹಳದಿ ಬಣ್ಣದ ಒಂದು ಪದರ. ಉಗುರಿನಿಂದ ಕೆರೆದರೆ ಮೇಣದ ಹಾಗೆ ಎದ್ದು ಬಂತು.

ಬೇಧಿಗೆ ನೂರು ಕಾರಣ ಇರುತ್ತವೆ. ಆ ನಿಪ್ಪಲ್ಲೇ ಅಪರಾಧಿ ಅಂತ ನಾನು ತೀರ್ಪು ಕೊಡಲಾರೆ. ಕೂಸು ಓಆರ್‌ಎಸ್, ಜಿಂಕ್ ಮದ್ದು, ತಾಯಿಹಾಲಿನಿಂದ ಚೇತರಿಸಿಕೊಂಡಿತು, ಈಗ ಅಂಬೆಗಾಲಿಡುತ್ತಿದೆ. ಆದರೆ ಅರ್ಧ ಪಾಠ ಹೇಳಿದ ಅಪರಾಧ ನನ್ನದು, ಅದರಲ್ಲಿ ನನಗೆ ಅನುಮಾನವಿಲ್ಲ. ನಿಮ್ಮಲ್ಲಿ ಬಹಳ ಜನರೂ ಇದೇ ಅರ್ಧ ಪಾಠ ಹೇಳುತ್ತಿದ್ದೀರಿ ಅನ್ನುವುದು ನನ್ನ ಅಭಿಪ್ರಾಯ. ಕೋಪ ಮಾಡಿಕೊಳ್ಳಬೇಡಿ, ಮುಂದೆ ಓದಿ.

ಹಾಲಿನಲ್ಲಿ ಕೊಬ್ಬಿದೆ, ಪ್ರೋಟೀನ್ ಇದೆ. ಬಿಸಿ ತಗುಲಿದರೆ ಪ್ರೋಟೀನ್ ಗಟ್ಟಿಯಾಗಿ ಅಂಟುತ್ತದೆ. ಹಾಲು ತಳ ಹಿಡಿದ ಪಾತ್ರೆಯನ್ನು ತಿಕ್ಕಿದ ಯಾವ ಹೆಂಗಸನ್ನಾದರೂ ಕೇಳಿ, ಈ ರಸಾಯನಶಾಸ್ತ್ರ ನಮಗಿಂತ ಚೆನ್ನಾಗಿ ಹೇಳುತ್ತಾಳೆ. ತೊಳೆಯದ ನಿಪ್ಪಲನ್ನು ಕುದಿಸಿದರೆ ಆಗುವುದೂ ಅದೇ. ಕೊಳೆ ಹೋಗುವುದಿಲ್ಲ, ಬೆಂದು ಕೂರುತ್ತದೆ. ಆ ಪದರದ ಮರೆಯಲ್ಲಿ ಕೆಲವು ಸೂಕ್ಷ್ಮಜೀವಿಗಳು ಬದುಕಿ ಉಳಿಯಬಹುದು. ಎಲ್ಲ ಸತ್ತವು ಅಂತಲೇ ಇಟ್ಟುಕೊಳ್ಳಿ, ಆಗಲೂ ಊಟದ ಎಲೆ ಹಾಸಿಯೇ ಇದೆ. ನೊಣ ಕೂತರೆ, ಮಸಿಬಟ್ಟೆ ತಗುಲಿದರೆ, ಹೊಸ ಅತಿಥಿಗಳು ಪಂಕ್ತಿಗೆ ಬಂದರು. ನಮ್ಮ ಬೇಸಿಗೆಯ ಸೆಕೆಯಲ್ಲಿ ಕೆಲವೇ ಗಂಟೆಗಳಲ್ಲಿ ಅವು ಲಕ್ಷಗಟ್ಟಲೆ ಆಗುತ್ತವೆ. ಕೊಳೆ ತೆಗೆಯುವುದು ಒಂದು ಕೆಲಸ, ಕ್ರಿಮಿ ಕೊಲ್ಲುವುದು ಇನ್ನೊಂದು ಕೆಲಸ. ಮೊದಲನೆಯದು ಮಾಡದೆ ಎರಡನೆಯದು ಆಗುವುದಿಲ್ಲ. ನಮ್ಮ ಪಾಠದಲ್ಲಿ ಎರಡನೆಯದು ಮಾತ್ರ ಉಳಿದಿದೆ.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ, ಅಷ್ಟೇ. ಹಾಗಾಗಿ ಮಾಡಿ ತೋರಿಸಿದೆ. ನಮ್ಮ ಕಡೆ ಬಾಟ್ಲಿಯಲ್ಲಿ ಬರೀ ಹಾಲು ಹಾಕುವುದಿಲ್ಲ. ಆರು ತಿಂಗಳು ತುಂಬಿದ ಮೇಲೆ ತೆಳ್ಳಗೆ ರಾಗಿ ಸರಿಯನ್ನೂ ಹಾಕುತ್ತಾರೆ. ಅದು ಇಳಿಯಲಿ ಅಂತ ನಿಪ್ಪಲಿನ ತೂತನ್ನು ಸೂಜಿ ಕಾಸಿ ದೊಡ್ಡದು ಮಾಡಿರುತ್ತಾರೆ. ರಾಗಿ ಅಂದರೆ ಪಿಷ್ಟ. ಪಿಷ್ಟಕ್ಕೆ ಅಯೋಡಿನ್ ಹಾಕಿದರೆ ಕಡುನೀಲಿ. ಆರನೇ ತರಗತಿಯ ಹುಡುಗನಿಗೂ ಗೊತ್ತು.

ಹೊಸ ನಿಪ್ಪಲ್ ಎರಡು ತಂದೆವು. ಎರಡಕ್ಕೂ ರಾಗಿ ಸರಿ ಸವರಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಣಗಲು ಬಿಟ್ಟೆವು. ಒಂದನ್ನು ಹಾಗೇ ಹತ್ತು ನಿಮಿಷ ಕುದಿಸಿದೆವು. ಇನ್ನೊಂದನ್ನು ಒಳಗೆ ಹೊರಗೆ ತಿರುವಿ, ಸೋಪಿನ ನೀರಿನಲ್ಲಿ ಸಣ್ಣ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಆಮೇಲೆ ಅಷ್ಟೇ ಹೊತ್ತು ಬೇರೆ ನೀರಿನಲ್ಲಿ ಕುದಿಸಿದೆವು. ಎರಡೂ ಪೂರ್ತಿ ತಣ್ಣಗಾದ ಮೇಲೆ ನೀರು ಬೆರೆಸಿದ ಟಿಂಕ್ಚರ್ ಅಯೋಡಿನ್ ಹನಿ ಹಾಕಿದೆವು. ತಣ್ಣಗಾಗಲೇಬೇಕು. ಬಿಸಿ ಇದ್ದರೆ ಪಿಷ್ಟದ ನೀಲಿ ಕಾಣುವುದಿಲ್ಲ, ಆರಿದ ಮೇಲೆ ಮತ್ತೆ ಬರುತ್ತದೆ. ಮೊದಲ ಸಲ ನಾನೇ ಅವಸರ ಮಾಡಿ ಮಕ್ಕಳ ಮುಂದೆ ಪೆಚ್ಚಾದೆ.

ತೊಳೆದ ನಿಪ್ಪಲಿನ ಮೇಲೆ ಅಯೋಡಿನ್ನಿನ ಕಂದು ಬಣ್ಣ ಹಾಗೇ ನಿಂತಿತು. ಬರೀ ಕುದಿಸಿದ ನಿಪ್ಪಲಿನ ತಳದ ಸುತ್ತಿನಲ್ಲಿ, ತೂತಿನ ಅಂಚಿನಲ್ಲಿ, ಕಾಡಿಗೆ ಹಚ್ಚಿದ ಹಾಗೆ ನೀಲಿಗೆರೆ. ಕಣ್ಣಿಗೆ ಎರಡೂ ಒಂದೇ ಥರ ಸ್ವಚ್ಛವಾಗಿ ಕಂಡಿದ್ದವು. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆ ಹುಡುಗಿ ನನ್ನ ಕಡೆ ನೋಡಲಿಲ್ಲ, ನಿಪ್ಪಲ್ಲನ್ನೇ ನೋಡುತ್ತಿದ್ದಳು.

ಅಯೋಡಿನ್ ತೋರಿಸುವುದು ಕ್ರಿಮಿಯನ್ನಲ್ಲ, ಉಳಿದ ಆಹಾರವನ್ನು. ಈ ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಇಲ್ಲದಿದ್ದರೆ ನೀಲಿ ಅಂದರೆ ಕ್ರಿಮಿ ಅಂತ ಬರೆದುಕೊಳ್ಳುತ್ತಾರೆ, ಇನ್ನೊಂದು ಅರ್ಧ ಪಾಠ ಹುಟ್ಟುತ್ತದೆ.

ಎಂಟನೇ ತರಗತಿಯ ಚುರುಕು ಹುಡುಗ ಒಬ್ಬ ಕೇಳಿದ: "ಸಾರ್, ಎತ್ತರದ ಜಾಗದಾಗೆ ನೀರು ನೂರು ಡಿಗ್ರಿಗೆ ಕುದಿಯಲ್ಲ ಅಂದ್ರಲ್ಲ, ಮತ್ತೆ ನಮ್ಮೂರಾಗೆ?" ಸಂತೋಷವಾಯಿತು. ನಮ್ಮ ಭಾಗ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಮೇಲಿದೆ. 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಂಡರೆ ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಚಿಂತೆಯಿಲ್ಲ. ಡೈರಿಯಲ್ಲಿ ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಸಿದರೇ ರೋಗ ತರುವ ಬಹುತೇಕ ಬ್ಯಾಕ್ಟೀರಿಯಾ ಸಾಯುತ್ತವೆ. ಕುದಿ ಬಂದ ಮೇಲೆ ಐದು ನಿಮಿಷ, ನೀರಿನಲ್ಲಿ ಪೂರ್ತಿ ಮುಳುಗಿ, ಒಳಗೆ ಗಾಳಿಗುಳ್ಳೆ ನಿಲ್ಲದ ಹಾಗೆ ಕುದಿಸಿದರೆ ಸಾಕು. ಹತ್ತು ನಿಮಿಷ ಅನ್ನುವವರೂ ಇದ್ದಾರೆ, ಹಾಗೆ ಮಾಡಿದರೂ ನಷ್ಟವಿಲ್ಲ. ಆದರೆ ಗುಳ್ಳೆ ಬಂದ ತಕ್ಷಣ ಇಳಿಸಿದರೆ ಅದು ಕುದಿಸಿದಂತಲ್ಲ.

ಸಾಯದೇ ಉಳಿಯುವವು ಇವೆ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಆಸ್ಪತ್ರೆಯ ಆಟೋಕ್ಲೇವ್ ಇರುವುದು ಅದಕ್ಕೇ. 1879ರಲ್ಲಿ ಪಾಶ್ಚರ್ ಜೊತೆಗಾರ ಚಾಂಬರ್ಲೆಂಡ್ ಅದನ್ನು ಮಾಡಿದ್ದು. ನಮ್ಮ ಪ್ರೆಷರ್ ಕುಕ್ಕರಿಗೆ ಅದು ದೊಡ್ಡಣ್ಣ. ಆರೋಗ್ಯವಾಗಿರುವ ಮಗುವಿನ ನಿಪ್ಪಲಿಗೆ ಅಷ್ಟು ಬೇಡ. ಬೀಜಕದ ಮಾತು ಎತ್ತಿದ್ದು ಜೇನುತುಪ್ಪಕ್ಕಾಗಿ. ಅಳುವ ಕೂಸಿಗೆ ನಿಪ್ಪಲನ್ನು ಜೇನಿನಲ್ಲಿ ಅದ್ದಿ ಕೊಡುವ ರೂಢಿ ನಮ್ಮಲ್ಲಿದೆ. ಜೇನಿನಲ್ಲಿ ಬೊಟ್ಯುಲಿನಂ ಬೀಜಕಗಳಿರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ವರ್ಷ ತುಂಬದ ಕೂಸಿನ ಕರುಳು ತಡೆಯುವುದಿಲ್ಲ, ಅಲ್ಲೇ ಬೆಳೆದು ವಿಷ ಬಿಡುತ್ತವೆ. ಇಂಥ ಕೂಸಿಗೆ ಕೈಕಾಲು ಸೋಲುತ್ತವೆ, ಉಸಿರಾಟವೂ ಸೋಲಬಹುದು. ಎಷ್ಟು ಕುದಿಸಿದ ನಿಪ್ಪಲ್ ಆದರೂ ಜೇನಿಗೆ ಅದ್ದಿದರೆ ಕುದಿಸಿದ್ದು ದಂಡ. ವರ್ಷ ತುಂಬುವವರೆಗೆ ಜೇನು ಬೇಡ. ಸಕ್ಕರೆ, ಬೆಲ್ಲವೂ ಬೇಡ, ಬರುವ ಹಲ್ಲಿಗೆ ಅದು ಹುಳುಕಿನ ಮುಂಗಡ.

ಇನ್ನು ನಮ್ಮ ನೀರು. ಡಬರಿಯಲ್ಲಿ ಕಟ್ಟುವ ಬಿಳಿ ಪದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳದ್ದು, ಗಡಸು ನೀರಿನ ಗುರುತು. ಅದು ನಿಪ್ಪಲಿನ ಮೇಲೂ ಕೂತು ಮೈಯನ್ನು ಒರಟು ಮಾಡುತ್ತದೆ, ಒರಟಾದಲ್ಲಿ ಹಾಲು ಹಿಡಿಯುತ್ತದೆ. ವಾರಕ್ಕೊಮ್ಮೆ ಡಬರಿಯನ್ನು ಹುಣಸೆಹುಳಿ ಹಾಕಿ ಉಜ್ಜಿದರೆ ಪದರ ಬಿಡುತ್ತದೆ, ಆಮ್ಲ ಮತ್ತು ಕಾರ್ಬೊನೇಟ್ ಪಾಠ ಅಲ್ಲೇ ಆಗಿಹೋಗುತ್ತದೆ. ಕುದಿಸಲು ಕುಡಿಯುವ ಸರಬರಾಜಿನ ನೀರೇ ಒಳ್ಳೆಯದು, ಬೋರಿನ ನೀರು ಬೇಡ. ಅನಂತಪುರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ ಅಂತ ನಮ್ಮ ಹಿರಿಯರ ಹಲ್ಲು, ಮೊಣಕಾಲುಗಳೇ ಹೇಳುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕುದಿಸಿದ ನೀರು ಎಂದರೆ ಎಲ್ಲ ದೋಷ ಹೋದ ನೀರು ಅಂತ ತಿಳಿದ ಶಿಕ್ಷಕರನ್ನೂ ನಾನು ಕಂಡಿದ್ದೇನೆ.

ಈಗ ನನ್ನ ಜೊತೆ ಸ್ಟಾಫ್ ರೂಮಿನಲ್ಲಿ ಜಗಳ ಆಡಿದ ಗೆಳೆಯರ ವಾದಕ್ಕೆ ಬರುತ್ತೇನೆ. "ಮಣ್ಣಾಗೆ ಬಿದ್ದು ಬೆಳೆದ ಕೂಸು ಗಟ್ಟಿ ಇರ್ತಾವೆ ಮೇಷ್ಟ್ರೇ. ನಿಪ್ಪಲ್ ಬಿದ್ರೆ ತಾಯಿ ತನ್ನ ಬಾಯಾಗೆ ಹಾಕ್ಕೊಂಡು ಒರೆಸಿ ಕೊಡ್ತಾಳೆ, ಅದೇ ಒಳ್ಳೇದು ಅಂತ ಫಾರಿನ್‌ನವರೇ ಕಂಡು ಹಿಡಿದಾರೆ" ಅಂದರು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 184 ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನಿಪ್ಪಲನ್ನು ತಾವೇ ಚೀಪಿ ಸ್ವಚ್ಛ ಮಾಡಿ ಕೊಡುತ್ತಿದ್ದ ತಂದೆತಾಯಿಗಳ ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಇಸುಬು, ಆಸ್ತಮಾ ಕಡಿಮೆ ಕಂಡಿತ್ತು. ಒಳ್ಳೆಯ ಅಧ್ಯಯನ. ಆದರೆ ಅದು ಅಲರ್ಜಿಯ ಲೆಕ್ಕ, ಬೇಧಿಯ ಲೆಕ್ಕ ಅಲ್ಲ. ಗೋಥೆನ್‌ಬರ್ಗ್‌ನ ಮನೆಯ ನೆಲದ ಮೇಲೆ ಕೋಳಿ ಓಡಾಡುವುದಿಲ್ಲ, ಕುರಿಮರಿ ಕಟ್ಟಿರುವುದಿಲ್ಲ. ಅಲ್ಲಿಯ ತಾಯಿ ಚೀಪಿದಾಗ ಕೂಸಿಗೆ ಹೋಗುವುದು ಹೆಚ್ಚಾಗಿ ಅವಳ ಬಾಯಿಯ ಜೀವಿಗಳು. ಇಲ್ಲಿ ಅಂಗಳದ ಸಗಣಿ, ಚರಂಡಿಯ ನೊಣವೂ ಲೆಕ್ಕಕ್ಕೆ ಬರುತ್ತವೆ. ಮೇಲಾಗಿ ಹಲ್ಲು ಹುಳುಕಿನ ಬ್ಯಾಕ್ಟೀರಿಯಾ ದಾಟುವುದೂ ದೊಡ್ಡವರ ಎಂಜಲಿನಿಂದಲೇ. ಲೋಟ ಎತ್ತಿ ಕುಡಿಯದವರನ್ನು ಗದರಿಸುವ ಮನೆಯಲ್ಲೇ ಕೂಸಿನ ನಿಪ್ಪಲ್ ಎಂಜಲಿಗೆ ಮಾತ್ರ ವಿನಾಯಿತಿ ಇರುವುದು ನನಗೆ ಯಾವತ್ತೂ ಸೋಜಿಗ.

"ಬಿದ್ದ ತಕ್ಷಣ ಎತ್ತಿದರೆ ಏನೂ ಆಗಲ್ಲ" ಅನ್ನುವ ಇನ್ನೊಂದು ನಂಬಿಕೆ ಇದೆ. ಅಮೆರಿಕದಲ್ಲೂ ಇದೆ, ಐದು ಸೆಕೆಂಡಿನ ನಿಯಮ ಅಂತಾರೆ. ರಟ್ಗರ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪರೀಕ್ಷೆ ಮಾಡಿ ತೋರಿಸಿದರು: ಒಂದು ಸೆಕೆಂಡಿಗಿಂತ ಕಡಿಮೆ ಸಮಯ ಸಾಕು, ಒದ್ದೆ ಇದ್ದಷ್ಟೂ ಹೆಚ್ಚು ಬ್ಯಾಕ್ಟೀರಿಯಾ ದಾಟುತ್ತದೆ. ಕೂಸಿನ ಬಾಯಿಂದ ಬಿದ್ದ ನಿಪ್ಪಲಿಗಿಂತ ಒದ್ದೆಯಾದ ವಸ್ತು ಯಾವುದಿದೆ ಹೇಳಿ. ಚೀಪೋ ನಿಪ್ಪಲ್ ಇಟ್ಟುಕೊಂಡವರ ಮನೆಯಲ್ಲಿ ಎರಡಾದರೂ ಇರಬೇಕು ಅನ್ನುವುದು ಇದಕ್ಕೇ. ಬಿದ್ದದ್ದು ತೊಳೆಯಲು, ಇನ್ನೊಂದು ಬಾಯಿಗೆ. ಕೊರಳಿಗೆ ದಾರ ಮಾತ್ರ ಬೇಡವೇ ಬೇಡ. ಅದು ಕೊಳೆಗಿಂತ ದೊಡ್ಡ ಅಪಾಯ, ನಿದ್ದೆಯಲ್ಲಿ ಸುತ್ತಿಕೊಂಡರೆ ಉಸಿರು ಕಟ್ಟುತ್ತದೆ.

ಹಾಗಂತ ಅತಿರೇಕವೂ ಬೇಡ. ಆರು ತಿಂಗಳೊಳಗಿನ ಕೂಸಿಗೆ ತೊಳೆದು ಕುದಿಸಬೇಕು. ಆಮೇಲೆ ಕೂಸು ನೆಲದ ಮೇಲಿನ ಎಲ್ಲವನ್ನೂ ಬಾಯಿಗೆ ಹಾಕುವ ಕಾಲ ಬರುತ್ತದೆ. ಆಗ ಚೀಪೋ ನಿಪ್ಪಲಿಗೆ ಸೋಪು, ಬಿಸಿನೀರು ಸಾಕು. ಹಾಲು, ಸರಿ ಹಾಕುವ ಬಾಟ್ಲಿಗೆ ಮಾತ್ರ ಶಿಸ್ತು ಮುಂದುವರಿಯಲಿ. ಕರೆಂಟಿನ ಸ್ಟೆರಿಲೈಸರ್ ಕೊಳ್ಳಲು ನಮ್ಮ ಶಿಕ್ಷಕರ ಮನೆಗಳಲ್ಲೇ ಸಾವಿರಾರು ರೂಪಾಯಿ ಕೊಡುತ್ತಿದ್ದೇವೆ. ಅದು ಮಾಡುವುದು ಆವಿಯಲ್ಲಿ ಬೇಯಿಸುವ ಕೆಲಸ. ಮನೆಯ ಇಡ್ಲಿ ಪಾತ್ರೆ ಅದನ್ನೇ ಮಾಡುತ್ತದೆ, ಹತ್ತು ನಿಮಿಷ ಆವಿ. ಸಿಲಿಕೋನ್ ನಿಪ್ಪಲ್ ಬಿಸಿಯನ್ನು ತಡೆಯುತ್ತದೆ. ಹಳದಿ ರಬ್ಬರಿನದು ಬೇಗ ಅಂಟಂಟಾಗುತ್ತದೆ. ಅಂಟಾದರೆ, ಬಿರುಕು ಬಿಟ್ಟರೆ, ಎಳೆದಾಗ ಹರಿಯುವ ಹಾಗಿದ್ದರೆ ಎಸೆಯಬೇಕು. ಬಿರುಕಿನೊಳಗೆ ಬ್ರಷ್ ಹೋಗುವುದಿಲ್ಲ, ಹರಿದ ತುಂಡು ಗಂಟಲಿಗೆ ಹೋಗುತ್ತದೆ.

ಚೀಪೋ ನಿಪ್ಪಲ್ ಕೊಡಬೇಕೇ ಬೇಡವೇ? ನಿದ್ದೆಯಲ್ಲಿ ಕೂಸುಗಳ ಹಠಾತ್ ಸಾವು ಕಡಿಮೆಯಾಗುತ್ತದೆ ಅಂತ ಅಮೆರಿಕದ ಮಕ್ಕಳ ವೈದ್ಯರು ಮಲಗಿಸುವಾಗ ಕೊಡಿ ಅನ್ನುತ್ತಾರೆ, ಅದೂ ಎದೆಹಾಲು ಚೆನ್ನಾಗಿ ಹಿಡಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಹತ್ತು ಹೆಜ್ಜೆಗಳಲ್ಲಿ ಬಾಟ್ಲಿ, ನಿಪ್ಪಲ್‌ಗಳ ಅಪಾಯವನ್ನು ತಾಯಂದಿರಿಗೆ ತಿಳಿಸಿ ಹೇಳಿ ಅನ್ನುತ್ತದೆ. ನಮ್ಮ ದೇಶದಲ್ಲಿ 1992ರ ಕಾನೂನು ಹಾಲಿನ ಬಾಟ್ಲಿಯ ಜಾಹೀರಾತನ್ನೇ ನಿಷೇಧಿಸಿದೆ. ನಮ್ಮ ನೀರು, ನಮ್ಮ ಬಿಡುವು, ನಮ್ಮ ನೊಣ ನೋಡಿದರೆ ನನ್ನ ಮತ ಬಾಟ್ಲಿ ಬೇಡ ಎಂಬುದಕ್ಕೇ. ಆದರೆ ಪೀಸಿನ ಲೆಕ್ಕದಲ್ಲಿ ಹೊಲಿಯುವ ತಾಯಿಗೆ "ಬಾಟ್ಲಿ ಬಿಡಮ್ಮಾ" ಅಂತ ಉಪದೇಶ ಮಾಡಿ ಮನೆಗೆ ಬರುವುದು ಸುಲಭ. ಅವಳ ಕೈಗೆ ಬದಲಿ ಏನು ಕೊಟ್ಟೆವು?

ಬದಲಿ ನಮ್ಮ ಅಟ್ಟದ ಮೇಲೆಯೇ ಇದೆ. ನಮ್ಮಜ್ಜಿ ಕೂಸಿಗೆ ಹಾಲು ಹಾಕುತ್ತಿದ್ದುದು ಒಳಲೆಯಲ್ಲಿ. ನಮ್ಮ ತೆಲುಗು ನೆರೆಯವರು ಅದನ್ನೇ ಉಗ್ಗುಗಿನ್ನೆ ಅನ್ನುತ್ತಾರೆ. ಚಿಕ್ಕಂದಿನಿಂದಲೇ ಕಲಿತದ್ದಕ್ಕೆ ಅವರ ಭಾಷೆಯಲ್ಲಿ ಉಗ್ಗುಹಾಲಿನ ಜೊತೆ ಕಲಿತ ವಿದ್ಯೆ ಅನ್ನುವ ಮಾತೇ ಇದೆ. ಬಾಯಿ ತೆರೆದ, ಮೂತಿ ಚೂಪಾದ ಪುಟ್ಟ ಬಟ್ಟಲು. ಮೂಲೆಯಿಲ್ಲ, ತೂತಿಲ್ಲ, ಬೆರಳು ತಲುಪದ ಜಾಗವಿಲ್ಲ. ಒಂದು ಉಜ್ಜು, ಒಂದು ಕುದಿ, ಮುಗಿಯಿತು. ತಮಿಳರು ಪಾಲಾಡೈ ಎನ್ನುವ ಈ ಬಟ್ಟಲನ್ನೇ ದೇಶದ ಆಸ್ಪತ್ರೆಗಳ ನವಜಾತ ಶಿಶು ವಾರ್ಡುಗಳಲ್ಲಿ ಕಡಿಮೆ ತೂಕದ ಕೂಸುಗಳಿಗೆ ಬಳಸುತ್ತಾರೆ. ನಾವು ಹಳೇದು ಅಂತ ಅಟ್ಟಕ್ಕೆ ಹಾಕಿದ್ದೇವೆ. ಕೂತು ಕುಡಿಸಲು ಹೊತ್ತು ಬೇಕು, ಅದು ನಿಜ. ತಾಯಿ ಎದೆಹಾಲು ಹಿಂಡಿಟ್ಟರೆ ಅದನ್ನೂ ಒಳಲೆಯಲ್ಲಿ ಹಾಕಬಹುದು. ಕೂಸನ್ನು ತಲೆ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ತುಟಿಯ ಮೂಲೆಯಿಂದ ಗುಟುಕು ಗುಟುಕಾಗಿ. ಮಲಗಿಸಿ ಸುರಿಯಬಾರದು.

ಇದನ್ನೆಲ್ಲ ಆಶಾ ಕಾರ್ಯಕರ್ತೆ ಹೇಳಲಿ, ನಮಗ್ಯಾಕೆ ಅನ್ನುತ್ತೀರಾ? ನಾನು ಕೊಂಡ ನಿಪ್ಪಲಿನ ಪೊಟ್ಟಣದ ಮೇಲೆ ತೊಳೆಯುವ ವಿಧಾನ ಇತ್ತು. ಇಂಗ್ಲಿಷಿನಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣಗೆ. ಆರೋಗ್ಯದ ಪೋಸ್ಟರು ತೆಲುಗಿನಲ್ಲಿ ಬರುತ್ತದೆ. ನಮ್ಮ ಮಕ್ಕಳ ಅವ್ವಂದಿರಲ್ಲಿ ಓದು ಬಂದವರು ಬಹಳ ಮಂದಿ ನಮ್ಮಂಥ ಕನ್ನಡ ಶಾಲೆಗಳಲ್ಲೇ ಕಲಿತವರು. ತೆಲುಗು ಮಾತಾಡುತ್ತಾರೆ, ಓದುವುದು ಕನ್ನಡ. ಗಡಿಯ ಈಚೆ ಆ ಅಕ್ಷರದಲ್ಲಿ ಅವರ ಮನೆಗೆ ಹೋಗುವ ಕಾಗದ ಯಾವುದು? ಮಗಳ ನೋಟ್‌ಬುಕ್ಕು. ಸೂಕ್ಷ್ಮಜೀವಿಗಳ ಪಾಠ ಮಾಡುವ ವಾರ ಆ ನೋಟ್‌ಬುಕ್ಕಿನ ಒಂದು ಪುಟಕ್ಕೆ ನಿಪ್ಪಲ್ ತೊಳೆಯುವ ಕ್ರಮ ಬರೆಸಿ ಅಂತ ನಾನು ಕೇಳುತ್ತಿರುವುದು ಅಷ್ಟೇ. ಕೈ ತೊಳೆ, ಬಿಚ್ಚು, ತಣ್ಣೀರಲ್ಲಿ ಜಾಲಿಸು, ತಿರುವಿ ಸೋಪಿನಲ್ಲಿ ತಿಕ್ಕು, ತೊಳೆ, ಮುಳುಗಿಸಿ ಐದು ನಿಮಿಷ ಕುದಿಸು, ನೀರು ಬಸಿದು ಒಗೆದ ಬಟ್ಟೆಯ ಮೇಲೆ ಆರಲು ಬಿಡು, ಮುಚ್ಚಿಡು. ಹುಡುಗರ ನೋಟ್‌ಬುಕ್ಕಿನಲ್ಲೂ ಬರೆಸಿ. ತಮ್ಮ, ತಂಗಿ ಅವರಿಗೂ ಇದ್ದಾರೆ.

ಅಯೋಡಿನ್ ಪ್ರಯೋಗ ಮಾಡುವವರಿಗೆ ಎರಡು ಸೂಚನೆ. ಟಿಂಕ್ಚರ್ ಸಿಗದಿದ್ದರೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್‌ಗೆ ನೀರು ಬೆರೆಸಿ ತಿಳಿಗಂದು ಬಣ್ಣಕ್ಕೆ ತಂದುಕೊಳ್ಳಿ, ನಡೆಯುತ್ತದೆ. ಪರೀಕ್ಷೆ ಮಾಡಿದ ನಿಪ್ಪಲ್ ಎಷ್ಟೇ ತೊಳೆದರೂ ಯಾವ ಕೂಸಿಗೂ ವಾಪಸ್ ಕೊಡಬೇಡಿ. ಮುಂದಿನ ವರ್ಷದ ತರಗತಿಗೆ ಡಬ್ಬಿಯಲ್ಲಿ ಎತ್ತಿಡಿ.